ಬಚ್ಚಲೊಲೆಗೆ ಹೋದ ಚೀಟಿ

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಅಂತ ಹಿರಿಯರು ಹೇಳಿಟ್ಟು ಹೋದರು. ಆದರೆ ಸೋದರಿಯರೇ, ಎಷ್ಟು ಅರಿತು ಉಂಡರೂ ರೋಗ ಬರುತ್ತದೆ, ಎಷ್ಟು ತಗ್ಗಿ ನಡೆದರೂ ಜಗಳ ಬರುತ್ತದೆ. ಎರಡೂ ಒಟ್ಟಿಗೆ ಬಂದರೆ ಏನು ಮಾಡಬೇಕು ಅನ್ನುವ ಗಾದೆ ಮಾತ್ರ ನನಗೆ ಎಲ್ಲೂ ಸಿಗಲಿಲ್ಲ. ಅದಕ್ಕೇ ಈ ಸಲ ಹಪ್ಪಳ ಸಂಡಿಗೆ ಪಕ್ಕಕ್ಕಿಟ್ಟು, ವಕೀಲರೊಬ್ಬರಿಂದ ನಾನು ಕಲಿತ ಪಾಠ ಹೇಳುತ್ತೇನೆ. ಆ ಪಾಠ ಕಲಿಯಲು ತೆತ್ತ ಬೆಲೆಯನ್ನೂ ಮುಚ್ಚಿಡುವುದಿಲ್ಲ.

ನಾನಿರುವುದು ತಿ. ನರಸೀಪುರ. ತಂಗಿಯನ್ನು ಕೊಟ್ಟಿರುವುದು ನಂಜನಗೂಡಿಗೆ. ಅಲ್ಲಿಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. 2018ರ ಆಗಸ್ಟ್ ತಿಂಗಳಲ್ಲಿ ಇದ್ದಕ್ಕಿದ್ದಂತೆ ಹೊಟ್ಟೆನೋವು ಬಂದು, ಮೈಸೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಅಪೆಂಡಿಕ್ಸ್ ಆಪರೇಷನ್ ಆಯಿತು. ಮನೆಗೆ ಬಂದ ಐದಾರು ದಿನಕ್ಕೆ ಜ್ವರ, ಗಾಯದಲ್ಲಿ ಕೀವು. ಎರಡು ಸಲ ಕರೆದುಕೊಂಡು ಹೋದೆವು. ಎರಡು ಸಲವೂ ಚೀಟಿಯಲ್ಲಿ ಮಾತ್ರೆ ಬರೆದು “ಏನೂ ಆಗಲ್ಲ, ಮುಂದಿನ ವಾರ ಬನ್ನಿ” ಎಂದು ಕಳಿಸಿದರು. ಮುಂದಿನ ವಾರಕ್ಕೆ ಮುಂಚೆಯೇ ಬೇರೆ ಆಸ್ಪತ್ರೆಗೆ ಸೇರಿಸಿ ಮತ್ತೆ ಹೊಟ್ಟೆ ಕೊಯ್ಯಿಸಬೇಕಾಯಿತು. ಅಮ್ಮ ನಂಜುಂಡೇಶ್ವರನಿಗೆ ಉರುಳುಸೇವೆ ಹರಕೆ ಹೊತ್ತರು. ಬಾಣಂತಿಯ ಹಾಗೆ ಅವಳನ್ನು ನಮ್ಮ ಮನೆಯಲ್ಲೇ ಇಟ್ಟುಕೊಂಡೆ.

ನವೆಂಬರ್ ಕೊನೆಗೆ ಚೇತರಿಸಿಕೊಂಡು ಕಾರ್ಖಾನೆಗೆ ಹೋದರೆ, ಗೇಟಿನಲ್ಲೇ ತಡೆದರು. “ಹೇಳದೆ ಕೇಳದೆ ಕೆಲಸ ಬಿಟ್ಟು ಹೋಗಿದ್ದೀಯ, ನಿನ್ನ ಹೆಸರು ಹೊಡೆದು ಹಾಕಿದೆ” ಅಂದರಂತೆ. ಒಂದು ಕಡೆ ಆಸ್ಪತ್ರೆಯ ಸಾಲ, ಇನ್ನೊಂದು ಕಡೆ ಕೆಲಸವೂ ಇಲ್ಲ.

ನಮ್ಮ ಯಜಮಾನರ ಪರಿಚಯದ ಒಬ್ಬ ವಕೀಲಮ್ಮನ ಹತ್ತಿರ ಹೋದೆವು. ಕಾರ್ಮಿಕರ ಮೊಕದ್ದಮೆ, ಆಸ್ಪತ್ರೆಯ ಮೊಕದ್ದಮೆ ಎರಡನ್ನೂ ನಡೆಸುವವರು. ಸಿನಿಮಾದಲ್ಲಿ ನೋಡಿದ ಹಾಗೆ ಮೇಜು ಕುಟ್ಟಿ ಮಾತಾಡುತ್ತಾರೆ ಅಂದುಕೊಂಡಿದ್ದೆ. ಆಕೆ ಒಂದು ಹಾಳೆ ತೆಗೆದು, ನಡುವೆ ಗೆರೆ ಎಳೆದು, “ಮೊದಲು ತಾರೀಖು ಹೇಳಿ. ಅಳೋದು ಆಮೇಲೆ” ಅಂದರು. ಯಾವ ದಿನ ನೋವು ಬಂತು, ಯಾವ ದಿನ ಯಾರು ಏನು ಹೇಳಿದರು, ಅದಕ್ಕೆ ಕಾಗದ ಏನಿದೆ? ಎರಡು ಗಂಟೆ ಹೊತ್ತು ಅದೇ ಕೆಲಸ. ವಕೀಲರ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ ಅಂತೆ. ವಾದ ಮಾಡುವುದು ಒಗ್ಗರಣೆ ಹಾಕಿದಷ್ಟೇ. ಬೇಳೆ ಬೇಯದಿದ್ದರೆ ಒಗ್ಗರಣೆ ಏನು ಮಾಡೀತು, ಅಲ್ಲವೇ?

ಕೆಲಸದ ವಿಷಯದಲ್ಲಿ ನಮ್ಮನ್ನು ಉಳಿಸಿದ್ದು ತಂಗಿಯ ಗಂಡನ ಹಳೇ ಟ್ರಂಕು. ಆತ ಬಸ್ ಟಿಕೇಟನ್ನೂ ಬಿಸಾಡುವವನಲ್ಲ. ನಾವೆಲ್ಲ ನಗುತ್ತಿದ್ದೆವು. ಆಪರೇಷನ್ ಆದ ಮೂರನೇ ದಿನವೇ ಕಾರ್ಖಾನೆಗೆ ರಜೆ ಅರ್ಜಿಯನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ದ. ಅರ್ಜಿಯ ನಕಲು, ಅಂಚೆ ರಸೀತಿ, ಸಹಿಯಾಗಿ ವಾಪಸು ಬಂದ ಕಾರ್ಡು ಮೂರೂ ಟ್ರಂಕಿನಲ್ಲಿದ್ದವು.

ಮೊದಲು ಕಾರ್ಮಿಕ ಇಲಾಖೆಯಲ್ಲಿ ರಾಜಿಗೆ ಕೂತರು, ಆಗಲಿಲ್ಲ. ಆಮೇಲೆ ಮೈಸೂರಿನ ಕಾರ್ಮಿಕ ನ್ಯಾಯಾಲಯ. ಎಷ್ಟು ವಾಯಿದೆ ಅಂತೀರಿ! ನಡುವೆ ಕೊರೋನಾ ಬೇರೆ. ಕೊನೆಗೆ ಕಾರ್ಖಾನೆಯ ಅಧಿಕಾರಿಗೆ ಪಾಟಿ ಸವಾಲು ಹಾಕುವ ದಿನ ಬಂತು. ವಕೀಲಮ್ಮ ದನಿ ಏರಿಸಲೇ ಇಲ್ಲ. ಕಾರ್ಡು ತೋರಿಸಿ “ಈ ಸಹಿ ನಿಮ್ಮ ಕಚೇರಿಯವರದ್ದೇ?” ಅಂದರು. ಹೌದು ಅಂದರು. “ಹೆಸರು ತೆಗೆಯೋ ಮುಂಚೆ ಈಕೆಗೆ ನೋಟೀಸು ಕೊಟ್ಟಿರಾ? ವಿಚಾರಣೆ ಮಾಡಿದಿರಾ?” ಉತ್ತರವಿಲ್ಲ. ಅಷ್ಟೇ, ಕೂತುಬಿಟ್ಟರು. ಗೈರುಹಾಜರಿ ಅಂತ ಹೇಳಿ, ಕಾರ್ಮಿಕರ ಮಾತು ಕೇಳದೆ ಕೆಲಸದಿಂದ ತೆಗೆಯುವುದು ನ್ಯಾಯವಲ್ಲ ಎಂದು 1993ರಲ್ಲೇ ಡಿ. ಕೆ. ಯಾದವ್ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದೆಯಂತೆ. 2022ರಲ್ಲಿ ತಂಗಿಗೆ ಕೆಲಸ ವಾಪಸು ಸಿಕ್ಕಿತು, ಹಿಂದಿನ ಸಂಬಳದಲ್ಲಿ ಒಂದು ಭಾಗವೂ ಬಂತು.

ಇನ್ನು ಆಸ್ಪತ್ರೆಯ ವಿಷಯ. ಇಲ್ಲೇ ನೋಡಿ ನನ್ನ ತಪ್ಪು ಇರುವುದು.

ವಕೀಲಮ್ಮ ಮೊದಲೇ ಎಚ್ಚರಿಸಿದರು: “ನೋಡಮ್ಮ, ಕಾಯಿಲೆ ಕೆಟ್ಟ ಮಾತ್ರಕ್ಕೆ ಡಾಕ್ಟರದ್ದೇ ತಪ್ಪು ಅಂತಲ್ಲ. ಒಬ್ಬ ಸಾಧಾರಣ ಡಾಕ್ಟರು ಮಾಡಬೇಕಾದ್ದನ್ನು ಇವರು ಮಾಡಲಿಲ್ಲ ಅಂತ ತೋರಿಸಬೇಕು.” ಜ್ವರ, ಕೀವು ಎರಡನ್ನೂ ನೋಡಿಯೂ ಮಾತ್ರೆ ಕೊಟ್ಟು ಕಳಿಸಿದರು ಅನ್ನುವುದಕ್ಕೆ ಇದ್ದ ಸಾಕ್ಷಿ ಆ ಎರಡು ಹೊರರೋಗಿ ಚೀಟಿ. ಆಸ್ಪತ್ರೆಗೆ ಬರೆದು ಕೇಳಿದಾಗ ಒಳರೋಗಿಯಾಗಿದ್ದ ದಿನಗಳ ಕೇಸ್ ಷೀಟು ಬಂತು. ಹೊರರೋಗಿ ಚೀಟಿಯ ನಕಲು ತಮ್ಮಲ್ಲಿಲ್ಲ ಅಂದರು. ಆ ಚೀಟಿ ಇರುವುದು ರೋಗಿಯ ಕೈಯಲ್ಲಿ ಮಾತ್ರ.

ನಮ್ಮ ಕೈಯಲ್ಲಿ ಎಲ್ಲಿತ್ತು? ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಮನೆ ಗುಡಿಸಿ ಸಾರಿಸುವಾಗ, ಕಿಟಕಿಯ ಮೇಲಿದ್ದ ಔಷಧಿ ಚೀಟಿಗಳನ್ನೆಲ್ಲ “ಪೀಡೆ ತೊಲಗಲಿ” ಅಂತ ಬಾಚಿ, ಹಂಡೆ ಕಾಯಿಸಲು ಬಚ್ಚಲೊಲೆಗೆ ತುರುಕಿದವಳು ನಾನೇ! “ದೂರು ಹಾಕಬಹುದು, ಆದರೆ ನಿಲ್ಲೋದು ಕಷ್ಟ” ಅಂದರು ವಕೀಲಮ್ಮ. ತಂಗಿ ಹಾಕಲಿಲ್ಲ. ಸುಟ್ಟವಳು ನಾನು ಅಂತ ಅವಳಿಗೆ ಹೇಳಲು ನನಗೆ ಒಂದು ವಾರ ಹಿಡಿಯಿತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೋಗ್ಲಿ ಬಿಡಕ್ಕ, ನನ್ನ ಗಾಯ ತೊಳೆಯೋಕೆ ನೀನು ನೀರು ಕಾಯಿಸಿದ್ದೂ ಅದೇ ಒಲೇಲೇ ಅಲ್ವಾ” ಅಂದಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ನಿಮಗೆ ಹಾಗಾಗದಿರಲಿ ಅಂತ ವಕೀಲಮ್ಮ ಹೇಳಿದ್ದನ್ನು ಇಲ್ಲಿ ಕೊಡುತ್ತೇನೆ.

ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿಗೆ ಒಳಪಡುತ್ತದೆ ಎಂದು ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪು ಕೊಟ್ಟಿದೆ. ಇಎಸ್‌ಐ ಆಸ್ಪತ್ರೆಗೂ ಅದು ಅನ್ವಯ ಎಂದು 2007ರಲ್ಲಿ ಹೇಳಿದೆ. ಯಾರಿಂದಲೂ ದುಡ್ಡು ಪಡೆಯದೆ ಎಲ್ಲರಿಗೂ ಉಚಿತವಾಗಿ ನೋಡುವ ಆಸ್ಪತ್ರೆ ಇದಕ್ಕೆ ಸೇರುವುದಿಲ್ಲ. ನಮ್ಮ ಜಿಲ್ಲೆಯವರು ದೂರು ಕೊಡಬೇಕಾದ್ದು ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ, ಅದೂ ಎರಡು ವರ್ಷದೊಳಗೆ. ನೀವು ಕಟ್ಟಿದ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಒಳರೋಗಿಯ ದಾಖಲೆಯನ್ನು ವೈದ್ಯರು ಮೂರು ವರ್ಷ ಇಟ್ಟಿರಬೇಕು, ಕೇಳಿದ 72 ಗಂಟೆಯೊಳಗೆ ಕೊಡಬೇಕು. ಬಾಯಿಮಾತಲ್ಲಿ ಬೇಡ, ಬರೆದು ಕೇಳಿ.

ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಮನೆಯಲ್ಲಿದ್ದರೆ ನೇಮಕಾತಿ ಪತ್ರ ಕೇಳಿ ಪಡೆಯಲು ಹೇಳಿ. 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಅದನ್ನು ಕೊಡಲೇಬೇಕು ಎಂದಿದೆ. ಗಡುವುಗಳೂ ಬದಲಾಗಿವೆ, ಆದ್ದರಿಂದ ಕೆಲಸ ಹೋದರೆ ತಡಮಾಡದೆ ವಿಚಾರಿಸಿ. ರಜೆ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ (ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಅದರೊಳಗೇ ಸೇರಿಹೋಯಿತು), ನಕಲು, ರಸೀತಿ ಜೋಪಾನ.

ವಕೀಲರಿಗೆ ಕೊಡಲು ದುಡ್ಡೆಲ್ಲಿ ಅಂತೀರಾ? ಹೆಂಗಸರಿಗೆ, ವರಮಾನ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಕೇಳುವ ಹಕ್ಕಿದೆ. 1987ರ ಕಾಯಿದೆಯ ಮಾತು ಇದು. ತಾಲ್ಲೂಕು ಕೋರ್ಟಿಗೆ ಹೋಗಿ ಕಾನೂನು ಸೇವಾ ಸಮಿತಿ ಎಲ್ಲಿ ಅಂತ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಈಗ ನಮ್ಮ ಅಡಿಗೆಮನೆಯಲ್ಲಿ ಸಾರಿನಪುಡಿ ಡಬ್ಬದ ಪಕ್ಕ ಇನ್ನೊಂದು ಡಬ್ಬ ಕೂತಿದೆ. ಔಷಧಿ ಚೀಟಿ, ಬಿಲ್ಲು, ರಸೀತಿ ಎಲ್ಲ ಅದರೊಳಗೆ, ಒಂದೊಂದರ ಹಿಂದೆಯೂ ತಾರೀಖು ಬರೆದು. ಹಬ್ಬ ಬಂದರೆ ಡಬ್ಬದ ಧೂಳು ಒರೆಸುತ್ತೇನೆ, ಒಳಗಿನದ್ದಕ್ಕೆ ಮಾತ್ರ ಕೈ ಹಚ್ಚುವುದಿಲ್ಲ. ನಿಮ್ಮ ಮನೆಯಲ್ಲೂ ಒಂದು ಹಳೇ ಡಬ್ಬ ಇದ್ದೇ ಇರುತ್ತದೆ. ಇವತ್ತೇ ತೊಳೆದು ಒಣಗಿಸಿ ಇಡಿ, ಆಗದೆ?