ಸಣ್ಣ ನರ್ಸಿಂಗ್ ಹೋಂಗಳ ಗುಣಮಟ್ಟ: ಅಳತೆಗೋಲು ಯಾವುದು?

ನಮ್ಮ ಸದಸ್ಯ ಉದ್ದಿಮೆದಾರರು ಪೂರೈಕೆದಾರನ ಗುಣಮಟ್ಟವನ್ನು ಪರೀಕ್ಷಿಸದೆ ಕಚ್ಚಾ ಸಾಮಗ್ರಿಗೆ ಆದೇಶ ನೀಡುವುದಿಲ್ಲ. ಮಾದರಿ ತರಿಸುತ್ತಾರೆ, ತಿರಸ್ಕೃತ ಸರಕಿನ ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ, ಐ.ಎಸ್.ಓ. ಪ್ರಮಾಣಪತ್ರವನ್ನು ಕೇಳುತ್ತಾರೆ. ಆದರೆ ಅದೇ ಕಾರ್ಖಾನೆಯ ಕಾರ್ಮಿಕನ ಕೈ ಯಂತ್ರಕ್ಕೆ ಸಿಕ್ಕಾಗ ಆತನನ್ನು ಎಲ್ಲಿಗೆ ಕರೆದೊಯ್ಯಬೇಕೆಂಬುದನ್ನು ನಿರ್ಧರಿಸುವವನು ಆಟೋ ಚಾಲಕ. ಈ ವೈಪರೀತ್ಯದ ಬಗೆಗೆ ವಾಣಿಜ್ಯ ವಲಯವು ಗಂಭೀರವಾಗಿ ಚಿಂತಿಸುವುದು ಅಗತ್ಯವಾಗಿದೆ.

ಬಳ್ಳಾರಿ ರಸ್ತೆಯ ಬ್ಯಾಟರಾಯನಪುರವನ್ನೇ ತೆಗೆದುಕೊಳ್ಳೋಣ. ಇದು ತನ್ನದೇ ನಗರಸಭೆಯಿದ್ದ ಊರು. 2007ರಲ್ಲಿ ಯಲಹಂಕ, ದಾಸರಹಳ್ಳಿ ಮೊದಲಾದ ಇತರ ಆರು ನಗರಸಭೆಗಳು, ಕೆಂಗೇರಿ ಪುರಸಭೆ ಹಾಗೂ 110 ಹಳ್ಳಿಗಳೊಡನೆ ಇದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾಯಿತು. ಹೆಬ್ಬಾಳದ ಸುತ್ತ ಬೃಹತ್ ಆಸ್ಪತ್ರೆಗಳು ತಲೆಯೆತ್ತಿದವು. ಆದರೂ ಜ್ವರ, ಹೆರಿಗೆ, ಮೂಳೆ ಮುರಿತಗಳಿಗೆ ಸಾಮಾನ್ಯ ಜನರು ಮೊದಲು ಹೋಗುವುದು ಒಳರಸ್ತೆಯ ಹತ್ತಿಪ್ಪತ್ತು ಹಾಸಿಗೆಗಳ ನರ್ಸಿಂಗ್ ಹೋಂಗೇ. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ.

ಇವುಗಳ ಮೇಲೆ ಕಾನೂನಿನ ನಿಗಾ ಇಲ್ಲವೆಂದಲ್ಲ. 1976ರ ಖಾಸಗಿ ನರ್ಸಿಂಗ್ ಹೋಂ ಕಾಯಿದೆಯ ಬದಲಿಗೆ 2007ರಲ್ಲಿ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ ಬಂದಿತು. ವೈದ್ಯರ ಮುಷ್ಕರದ ನಡುವೆಯೇ 2017ರಲ್ಲಿ ಅದಕ್ಕೆ ತಿದ್ದುಪಡಿಯಾಗಿ, ತುರ್ತು ಚಿಕಿತ್ಸೆಗೆ ಮುಂಗಡ ಹಣಕ್ಕೆ ಒತ್ತಾಯಿಸಬಾರದು ಎಂಬ ನಿಯಮದೊಡನೆ ರೋಗಿಗಳ ಹಕ್ಕುಗಳ ಸನ್ನದು ಸೇರಿತು. ನೋಂದಣಿ ಸಂಖ್ಯೆಯುಳ್ಳ ಫಲಕವನ್ನು ಅಲೋಪತಿ ಸಂಸ್ಥೆಗಳು ನೀಲಿ ಬಣ್ಣದಲ್ಲಿಯೂ ಆಯುರ್ವೇದ ಸಂಸ್ಥೆಗಳು ಹಸಿರು ಬಣ್ಣದಲ್ಲಿಯೂ ಹಾಕಬೇಕೆಂದು 2024ರಲ್ಲಿ ಸರ್ಕಾರ ಸೂಚಿಸಿತು. ಇವೆಲ್ಲ ಸ್ವಾಗತಾರ್ಹ. ಆದರೆ ನೋಂದಣಿಯೆಂಬುದು ವ್ಯವಹಾರ ನಡೆಸಲು ಅನುಮತಿಯೇ ಹೊರತು ಗುಣಮಟ್ಟದ ಮುದ್ರೆಯಲ್ಲ.

ಹಾಗಾದರೆ ಗುಣಮಟ್ಟವನ್ನು ಅಳೆಯುವುದು ಹೇಗೆ? ಬೇರೂತ್‌ನಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ವೈದ್ಯ ಅವೆಡಿಸ್ ಡೊನಬೇಡಿಯನ್ ಅವರು 1966ರಲ್ಲಿಯೇ ಇದಕ್ಕೆ ಮೂರು ಮುಖಗಳನ್ನು ಗುರುತಿಸಿದರು: ಕಟ್ಟಡ, ಉಪಕರಣ, ಸಿಬ್ಬಂದಿಯ ವ್ಯವಸ್ಥೆ; ಚಿಕಿತ್ಸೆ ನಡೆಯುವ ಕ್ರಮ; ಕೊನೆಯ ಫಲಿತಾಂಶ. ನಾವು ಮೊದಲನೆಯದನ್ನು ಮಾತ್ರ ನೋಡುತ್ತೇವೆ. ಅಮೃತಶಿಲೆಯ ನೆಲ, ಹೊಸ ಸ್ಕ್ಯಾನಿಂಗ್ ಯಂತ್ರಗಳನ್ನು ಕಂಡು ಮರುಳಾಗುತ್ತೇವೆ. ಹಾಗೆಂದು ಫಲಿತಾಂಶವನ್ನಷ್ಟೇ ನೋಡಿದರೂ ಮೋಸ ಹೋಗುವ ಸಂಭವವಿದೆ. ರೋಗಿಯ ಸ್ಥಿತಿ ಕೈಮೀರಿದಾಗ ಆತನನ್ನು ದೊಡ್ಡ ಆಸ್ಪತ್ರೆಗೆ ಸಾಗಹಾಕುವ ನರ್ಸಿಂಗ್ ಹೋಂನ ದಾಖಲೆಯಲ್ಲಿ ಮರಣವೇ ಇರುವುದಿಲ್ಲ. ಆ ಸಾವು ದೊಡ್ಡ ಆಸ್ಪತ್ರೆಯ ಲೆಕ್ಕಕ್ಕೆ ಸೇರುತ್ತದೆ.

ಆದ್ದರಿಂದ ಸಣ್ಣ ನರ್ಸಿಂಗ್ ಹೋಂನ ಶ್ರೇಷ್ಠತೆಯು ಮುಖ್ಯವಾಗಿ ಒಂದು ಗುಣದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ತನ್ನ ಮಿತಿಯನ್ನು ಅರಿತು, ಸಕಾಲದಲ್ಲಿ ರೋಗಿಯನ್ನು ಮುಂದಕ್ಕೆ ಕಳುಹಿಸುವುದೇ ಆ ಗುಣ. ನಮ್ಮ ಘಟಕದ ಕಾವಲುಗಾರರೊಬ್ಬರಿಗೆ ರಾತ್ರಿ ಎದೆನೋವು ಕಾಣಿಸಿಕೊಂಡಾಗ ಸಮೀಪದ ಹಳೆಯ ನರ್ಸಿಂಗ್ ಹೋಂನ ವೈದ್ಯರು ಇ.ಸಿ.ಜಿ. ತೆಗೆದು, ಆಸ್ಪಿರಿನ್ ಕೊಟ್ಟು, ಕಾಲು ಗಂಟೆಯೊಳಗೆ ಪತ್ರಸಹಿತ ಹೃದ್ರೋಗ ಆಸ್ಪತ್ರೆಗೆ ಕಳುಹಿಸಿದರು. ಆತ ಬದುಕಿದರು. ಮತ್ತೊಮ್ಮೆ, ಥಳಥಳಿಸುವ ಬೇರೊಂದು ನರ್ಸಿಂಗ್ ಹೋಂನಲ್ಲಿ ಕಾರ್ಮಿಕನೊಬ್ಬನ ಬೆರಳಿನ ಗಾಯಕ್ಕೆ ಎರಡು ದಿನ ಬರೀ ಪಟ್ಟಿ ಕಟ್ಟಿ ಇರಿಸಿಕೊಂಡರು. ಮೂರನೆಯ ದಿನ ತಜ್ಞರ ಬಳಿಗೆ ಹೋದಾಗ ಬೆರಳನ್ನು ಉಳಿಸುವ ಕಾಲ ಮೀರಿತ್ತು. ಮೊದಲನೆಯ ಕಟ್ಟಡಕ್ಕೆ ಸುಣ್ಣಬಣ್ಣವೂ ಸರಿಯಾಗಿರಲಿಲ್ಲ ಎಂಬುದನ್ನು ಹೇಳಲೇಬೇಕು.

ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಹಿಂದಿರುವುದೂ ಇದೇ ತತ್ತ್ವ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ಪರಿಶೀಲಿಸುತ್ತಾರೆ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ನೀಡಿ ರೋಗಿಯನ್ನು ಮುಂದಕ್ಕೆ ಕಳುಹಿಸುತ್ತಾರೆ. ದೊಡ್ಡದರೊಡನೆ ಜೀವಂತ ಸಂಪರ್ಕವಿದ್ದರೆ ಸಣ್ಣದು ದುರ್ಬಲವಲ್ಲ.

ಯಾವುದೇ ನರ್ಸಿಂಗ್ ಹೋಂನೊಡನೆ ಒಪ್ಪಂದ ಮಾಡಿಕೊಳ್ಳುವ ಮುನ್ನ ಸದಸ್ಯರು ಈ ಐದು ಪ್ರಶ್ನೆಗಳನ್ನು ಕೇಳಬಹುದು:

1. ರಾತ್ರಿ ಹತ್ತರ ನಂತರ ಅರ್ಹ ವೈದ್ಯರು ಕಟ್ಟಡದಲ್ಲಿ ಇರುತ್ತಾರೆಯೇ, ದೂರವಾಣಿಯಲ್ಲಿ ಮಾತ್ರವೇ?

2. ದಾದಿಯರು ಶಿಕ್ಷಣ ಪಡೆದು ನೋಂದಾಯಿತರಾದವರೇ?

3. ಕಳೆದ ವರ್ಷ ಎಷ್ಟು ಶಸ್ತ್ರಚಿಕಿತ್ಸೆಗಳಾದವು, ಎಷ್ಟು ಗಾಯಗಳಿಗೆ ಸೋಂಕು ತಗುಲಿತು? ಉಪಕರಣಗಳ ಕ್ರಿಮಿಶುದ್ಧಿಯ ದಾಖಲೆಪುಸ್ತಕವಿದೆಯೇ?

4. ಎಷ್ಟು ರೋಗಿಗಳನ್ನು, ದಾಖಲಾದ ಎಷ್ಟು ಹೊತ್ತಿನಲ್ಲಿ, ಎಲ್ಲಿಗೆ ಕಳುಹಿಸಲಾಯಿತು? ಅವರು ಮುಂದೆ ಏನಾದರೆಂದು ವಿಚಾರಿಸಲಾಯಿತೇ?

5. ದರಪಟ್ಟಿ ಕಣ್ಣಿಗೆ ಕಾಣುವಂತಿದೆಯೇ? ವಿವರವಾದ ಬಿಲ್ಲು ಸಿಗುತ್ತದೆಯೇ?

ಅಂಕಿಗಳನ್ನು ವಿವೇಚನೆಯಿಂದ ಓದಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಸರ್ಕಾರಿ ಸಂಸ್ಥೆಗಳ ಹೆರಿಗೆಗಳಲ್ಲಿ ಶೇ. 14.3, ಖಾಸಗಿಯಲ್ಲಿ ಶೇ. 47.4 ಸಿಸೇರಿಯನ್. ಒಂದು ನರ್ಸಿಂಗ್ ಹೋಂನಲ್ಲಿ ಪ್ರಮಾಣ ಹೆಚ್ಚಿದ ಮಾತ್ರಕ್ಕೆ ಅದು ಕೆಟ್ಟದ್ದೆನ್ನಲಾಗದು. ಕಷ್ಟದ ಹೆರಿಗೆಗಳೇ ಅಲ್ಲಿಗೆ ಬರುತ್ತಿರಬಹುದು. ಆದರೆ ಕಾರಣ ಕೇಳುವ ಹಕ್ಕು ನಮಗಿದೆ. ಕಾರಣ ಹೇಳಬಲ್ಲ ವೈದ್ಯರ ಮೇಲೆ ವಿಶ್ವಾಸ ಇಡಬಹುದು; ಲೆಕ್ಕವನ್ನೇ ಇಡದವರ ಮೇಲೆ ಇಡಲಾಗದು.

ವೈದ್ಯರ ಕಡೆಯ ಮಾತಿನಲ್ಲಿಯೂ ನ್ಯಾಯವಿದೆ. ಹದಿನೈದು ಹಾಸಿಗೆಯವರು ಮುನ್ನೂರು ಹಾಸಿಗೆಯವರಷ್ಟೇ ಕಾಗದಪತ್ರಗಳನ್ನು ಹೇಗೆ ನಿಭಾಯಿಸಿಯಾರು? ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ನೀಡುವ ರಾಷ್ಟ್ರೀಯ ಮಂಡಳಿಯು 50 ಹಾಸಿಗೆಗಳವರೆಗಿನ ಸಂಸ್ಥೆಗಳಿಗೆಂದೇ ಪ್ರತ್ಯೇಕ ಮಾನದಂಡಗಳನ್ನು ರೂಪಿಸಿದೆ. ಆದರೂ ಅದಕ್ಕೆ ತಗಲುವ ವೆಚ್ಚವನ್ನು ಕೊನೆಗೆ ರೋಗಿಯೋ ಉದ್ಯೋಗದಾತನೋ ಭರಿಸಲೇಬೇಕು. ಸಣ್ಣ ಉದ್ದಿಮೆಗಳ ಬಿಲ್ಲನ್ನು 45 ದಿನಗಳೊಳಗೆ ಪಾವತಿಸಬೇಕೆಂಬ 2006ರ ಕಾಯಿದೆಯನ್ನು ಮುಂದಿಟ್ಟು ನಾವು ದೊಡ್ಡ ಕಂಪನಿಗಳೊಡನೆ ವಾದಿಸುತ್ತೇವೆ. ನಮ್ಮ ನೌಕರರ ಚಿಕಿತ್ಸೆಯ ಬಾಕಿಯನ್ನು ಅದೇ ಅವಧಿಯಲ್ಲಿ ತೀರಿಸುತ್ತಿದ್ದೇವೆಯೇ ಎಂದು ಆತ್ಮಾವಲೋಕನ ಮಾಡಿಕೊಳ್ಳಬೇಕು. ಹಣ ತಡವಾದ ಕಡೆ ಮೊದಲು ಕಡಿತವಾಗುವುದು ರಾತ್ರಿಪಾಳಿಯ ದಾದಿಯ ಸಂಬಳವೇ.

ಕಾರ್ಪೊರೇಟ್ ಆಸ್ಪತ್ರೆಗಳ ಪೈಪೋಟಿಯಲ್ಲಿ ಒಳ್ಳೆಯ ಸಣ್ಣ ನರ್ಸಿಂಗ್ ಹೋಂಗಳು ಮುಚ್ಚಿದರೆ ನಷ್ಟ ಅವುಗಳ ಮಾಲೀಕರಿಗೆ ಮಾತ್ರವಲ್ಲ. ನಡುರಾತ್ರಿ ಹತ್ತು ನಿಮಿಷದಲ್ಲಿ ಸಿಗುವ ವೈದ್ಯರನ್ನು ಇಡೀ ಬಡಾವಣೆ ಕಳೆದುಕೊಳ್ಳುತ್ತದೆ. ಪ್ರತಿ ವಾಣಿಜ್ಯ ಸಂಸ್ಥೆಯೂ ತನ್ನ ವ್ಯಾಪ್ತಿಯ ನರ್ಸಿಂಗ್ ಹೋಂಗಳಿಂದ ಸ್ವಇಚ್ಛೆಯ ಆಧಾರದ ಮೇಲೆ ಈ ಐದು ಉತ್ತರಗಳನ್ನು ವರ್ಷಕ್ಕೊಮ್ಮೆ ಪಡೆದು ಸದಸ್ಯರಿಗೆ ತಿಳಿಯಪಡಿಸಲಿ. ಉತ್ತರಿಸಿದವರಿಗೆ ಸದಸ್ಯರು ಸಕಾಲದ ಪಾವತಿಯ ಭರವಸೆ ನೀಡಲಿ. ಈ ಕಾರ್ಯಕ್ಕೆ ಬ್ಯಾಟರಾಯನಪುರದಿಂದಲೇ ನಾಂದಿ ಹಾಡಬಹುದು.