ನುಗ್ಗೇಹಳ್ಳಿಯ ಬಾವಿ ನೀರನ್ನು ಈಗಲೇ ಅಳೆದಿಡಿ

2025ರ ಸೆಪ್ಟೆಂಬರ್ 8ರಂದು ಕೇಂದ್ರ ಪರಿಸರ ಸಚಿವಾಲಯ ಒಂದು ಜ್ಞಾಪನ ಪತ್ರ ಹೊರಡಿಸಿತು. ಅಣು ಖನಿಜಗಳು ಮತ್ತು ದೇಶಕ್ಕೆ ಅತ್ಯಗತ್ಯವೆಂದು ಪಟ್ಟಿ ಮಾಡಿದ ಖನಿಜಗಳ ಗಣಿಗಾರಿಕೆಗೆ ಇನ್ನು ಸಾರ್ವಜನಿಕ ಅಹವಾಲು ಸಭೆ ಬೇಕಿಲ್ಲ. ಗಣಿ ಎಷ್ಟೇ ಚಿಕ್ಕದಿರಲಿ, ಅದರ ಪರಿಶೀಲನೆ ದೆಹಲಿಯಲ್ಲೇ ನಡೆಯುತ್ತದೆ. ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನವರು ಇದನ್ನು ಯಾರದೋ ಊರಿನ ಸುದ್ದಿಯೆಂದು ಬದಿಗಿಡಬಾರದು. ಆ ಪಟ್ಟಿಯಲ್ಲಿ ವನೇಡಿಯಂ ಇದೆ, ಟೈಟೇನಿಯಂ ಇದೆ. ನುಗ್ಗೇಹಳ್ಳಿ, ತಗಡೂರು, ಬೈರಾಪುರದ ನೆಲದಡಿಯ ಕಪ್ಪು ಮ್ಯಾಗ್ನೆಟೈಟ್ ಪದರಗಳಲ್ಲಿರುವುದೂ ಅವೇ.

ನುಗ್ಗೇಹಳ್ಳಿ ಎಂದರೆ ಹೊರಗಿನವರಿಗೆ 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಸ್ಥಾನ. ಭೂವಿಜ್ಞಾನಿಗಳಿಗೆ ಅದು ಸುಮಾರು 60 ಕಿಲೋಮೀಟರ್ ಉದ್ದದ, ಮುನ್ನೂರು ಕೋಟಿ ವರ್ಷ ಮೀರಿದ ಕಲ್ಲಿನ ಪಟ್ಟಿ. ಇಲ್ಲಿ ಗಣಿ ಹೊಸದೂ ಅಲ್ಲ. ಹಿಂದಿನ ಮೈಸೂರು ಮಿನರಲ್ಸ್, ಈಗಿನ ಕರ್ನಾಟಕ ರಾಜ್ಯ ಖನಿಜ ನಿಗಮ, ಬೈರಾಪುರದಲ್ಲಿ ನೆಲದೊಳಗೆ ಇಳಿದು ಕ್ರೋಮೈಟ್ ತೆಗೆಯಿತು. ತಗಡೂರು, ಜಂಬೂರುಗಳಲ್ಲೂ ಅಗೆತ ನಡೆದಿತ್ತು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಗಣಿಗಳ ಸುತ್ತಲಿನ ಮಣ್ಣು ಪರೀಕ್ಷಿಸಿ 2013ರಲ್ಲಿ ಪ್ರಬಂಧ ಪ್ರಕಟಿಸಿದರು. ಮಣ್ಣಿನಲ್ಲಿ ಕ್ರೋಮಿಯಂ, ನಿಕ್ಕಲ್, ಕೋಬಾಲ್ಟ್ ಹೆಚ್ಚಿರುವುದು ಅದರಲ್ಲಿ ದಾಖಲಾಗಿದೆ.

ಈ ಬಗೆಯ ಕಲ್ಲಿನ ಮೇಲಿನ ಮಣ್ಣಿನಲ್ಲಿ ಈ ಲೋಹಗಳು ಹುಟ್ಟಿನಿಂದಲೇ ಹೆಚ್ಚು. ಹಾಗಾಗಿ ನಾಳೆ ಯಾರದಾದರೂ ಬೋರ್‌ವೆಲ್ ನೀರು ಕೆಟ್ಟರೆ, "ಇದು ನಿಮ್ಮ ಮಣ್ಣಿನಲ್ಲಿ ಮೊದಲೇ ಇತ್ತು" ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದು ನಿಜವೂ ಇರಬಹುದು, ಸುಳ್ಳೂ ಇರಬಹುದು. ಗಣಿಗೆ ಮುಂಚಿನ ಲೆಕ್ಕ ಕೈಯಲ್ಲಿ ಇಲ್ಲದವರು ಯಾವುದನ್ನೂ ಸಾಬೀತು ಮಾಡಲಾರರು. ಕಲ್ಲಿನೊಳಗೆ ಇರುವಾಗ ಕ್ರೋಮಿಯಂ ಬಹುಮಟ್ಟಿಗೆ ಅಲ್ಲಿಂದ ಕದಲುವುದಿಲ್ಲ. ಅಗೆದು, ಪುಡಿ ಮಾಡಿ, ಮಳೆ ಗಾಳಿಗೆ ಒಡ್ಡಿ ರಾಶಿ ಹಾಕಿದಾಗ ಅದರ ಒಂದು ಪಾಲು ಆರು ವೇಲೆನ್ಸಿಯ ರೂಪಕ್ಕೆ ತಿರುಗಬಹುದು. ಆ ರೂಪ ನೀರಲ್ಲಿ ಕರಗುತ್ತದೆ, ಕ್ಯಾನ್ಸರಿಗೆ ಕಾರಣವಾಗುತ್ತದೆ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಕ್ರೋಮೈಟ್ ಗಣಿಗಳಿರುವ ಒಡಿಶಾದ ಸುಕಿಂದಾ ಕಣಿವೆಯ ಹಳ್ಳಿಗಳು ಈ ಮಾಲಿನ್ಯದ ಪಾಡು ಕಂಡಿವೆ. 2007ರಲ್ಲಿ ಬ್ಲ್ಯಾಕ್‌ಸ್ಮಿತ್ ಸಂಸ್ಥೆ ಆ ಕಣಿವೆಯನ್ನು ಜಗತ್ತಿನ ಅತಿ ಮಲಿನ ಜಾಗಗಳ ಪಟ್ಟಿಗೆ ಸೇರಿಸಿತು.

ನೆಲದಡಿಯ ಗಣಿ ಹೊಲ ಕೀಳುವುದಿಲ್ಲ, ತೆಂಗು ಕಡಿಯುವುದಿಲ್ಲ ಎಂಬ ಸಮಾಧಾನದ ಮಾತು ಬರುತ್ತದೆ. ಆದರೆ ಅಂಥ ಗಣಿ ನೀರನ್ನು ಮೇಲೆತ್ತದೆ ನಡೆಯುವುದಿಲ್ಲ. ಸುರಂಗ ಒಣಗಿರಬೇಕಾದರೆ ಹಗಲೂ ರಾತ್ರಿ ಪಂಪು ಓಡಬೇಕು. ಹಾಗೆ ಓಡಿದಷ್ಟೂ ಸುತ್ತಲಿನ ಅಂತರ್ಜಲ ಆ ಕಡೆಗೆ ಇಳಿಯುತ್ತದೆ. ಬೋರ್‌ವೆಲ್ ನಂಬಿ ತೋಟ ಮಾಡಿದವರಿಗೆ ಅದೇನೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಪರಿಸರ ವರದಿಯ ಮೂಲ ಮಾಹಿತಿಗೆ ಮಳೆಗಾಲ ಬಿಟ್ಟು ಒಂದು ಋತುವಿನ ಅಳತೆ ಸಾಕೆಂದು ಎಣಿಸುವ ರೂಢಿಯಿದೆ. ಕೆರೆ ತುಂಬಿದಾಗ ಒಂದು ಮಟ್ಟ, ಏಪ್ರಿಲ್‌ನಲ್ಲಿ ಇನ್ನೊಂದು ಮಟ್ಟ ತೋರುವ ಬಾವಿಗೆ ಆ ಲೆಕ್ಕ ಸಾಲದು.

ಪರಿಸರ ಪರಿಣಾಮ ಮೌಲ್ಯಮಾಪನದ 2006ರ ಅಧಿಸೂಚನೆಯ ಪ್ರಕಾರ ಅಹವಾಲು ಸಭೆಗೆ 30 ದಿನ ಮುಂಚೆ ನೋಟಿಸ್ ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿಯ ಎದುರು ರೈತ ಹೇಳಿದ್ದು ಕಡತಕ್ಕೆ ಹೋಗಬೇಕು. ಆ ಸಭೆಗಳು ಎಷ್ಟೋ ಸಲ ಶಾಸ್ತ್ರಕ್ಕೆ ಮುಗಿದದ್ದುಂಟು. ಆದರೂ ಕಡತಕ್ಕೆ ಬಿದ್ದ ಆಕ್ಷೇಪಣೆಗೆ ತೂಕವಿದೆ. ಇಂಗ್ಲೆಂಡಿನ ವೈಟ್‌ಹೇವನ್ ಬಳಿಯ ನೆಲದಡಿ ಕಲ್ಲಿದ್ದಲು ಗಣಿಗೆ 2022ರಲ್ಲಿ ಸರ್ಕಾರ ಒಪ್ಪಿಗೆ ಕೊಟ್ಟಿತ್ತು. ಆ ಕಲ್ಲಿದ್ದಲು ಉರಿದಾಗ ಹೊಮ್ಮುವ ಅನಿಲದ ಲೆಕ್ಕ ಬಿಟ್ಟದ್ದಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಅದನ್ನು ರದ್ದುಮಾಡಿತು. ಸರ್ಕಾರದ ಒಪ್ಪಿಗೆಗೂ ಮುಂಚೆ ಬಹಿರಂಗ ವಿಚಾರಣೆ ನಡೆದು, ಎರಡೂ ಕಡೆಯ ವಾದ ದಾಖಲಾಗಿತ್ತು. ನಮ್ಮಲ್ಲಿ ಹಾಸನ ಸಂವಿಧಾನದ ಐದನೇ ಅನುಸೂಚಿಯ ಬುಡಕಟ್ಟು ಪ್ರದೇಶವಲ್ಲ, ಅಂಥ ಪ್ರದೇಶದ ಗ್ರಾಮಸಭೆಗೆ ಪೆಸಾ ಕಾಯ್ದೆ ಕೊಡುವ ಬಲವೂ ಇಲ್ಲ. ಅಹವಾಲು ಸಭೆಯೂ ಹೋದ ಮೇಲೆ ಊರಿನವರು ಎದ್ದು ನಿಂತು ಮಾತಾಡಲು ಕಾನೂನಿನಲ್ಲಿ ಉಳಿಯುವ ಜಾಗ ತೀರಾ ಕಡಿಮೆ.

ವನೇಡಿಯಂ ಬೇಡವೆಂದು ನಾವು ಹೇಳುತ್ತಿಲ್ಲ. ಗಟ್ಟಿ ಉಕ್ಕಿಗೆ, ದೊಡ್ಡ ಬ್ಯಾಟರಿಗಳಿಗೆ ಅದು ಬೇಕು. ಆದರೆ ನುಗ್ಗೇಹಳ್ಳಿಯ ಹೆಸರು ಹರಾಜಿನ ಪಟ್ಟಿಗೆ ಬಂದ ಮೇಲೆ ಓಡಾಡಿ ಫಲವಿಲ್ಲ. ಪಂಚಾಯ್ತಿಗಳು ಈ ವರ್ಷವೇ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ, ಬೈರಾಪುರ, ತಗಡೂರು, ಜಂಬೂರಿನ ಸುತ್ತಲಿನ ಬಾವಿ, ಬೋರ್‌ವೆಲ್, ಕೆರೆಗಳ ನೀರನ್ನು ಮಳೆಗೆ ಮುಂಚೆ ಒಮ್ಮೆ, ಮಳೆಯ ನಂತರ ಒಮ್ಮೆ ಪರೀಕ್ಷೆ ಮಾಡಿಸಬೇಕು. ಕ್ರೋಮಿಯಂ, ನಿಕ್ಕಲ್ ಪ್ರಮಾಣದ ಜೊತೆ ನೀರಿನ ಮಟ್ಟವನ್ನೂ ಬರೆಸಬೇಕು. ಜಿಲ್ಲಾಡಳಿತ ಹಳೆಯ ಗಣಿಯ ಮಣ್ಣಿನ ರಾಶಿಗಳಿಂದ ಹರಿದು ಬರುವ ನೀರನ್ನು ಮೊದಲು ಪರೀಕ್ಷಿಸಲಿ. ಆ ಫಲಿತಾಂಶದ ಪ್ರತಿಗಳಲ್ಲಿ ಒಂದು ಪಂಚಾಯ್ತಿ ಕಚೇರಿಯ ಬೀರುವಿನಲ್ಲಿ ಇರಲಿ, ಇನ್ನೊಂದು ಕಚೇರಿಯ ಹೊರಗಿನ ಗೋಡೆಯ ಮೇಲೆ.