ಬಾಗಿಲು ಹಿಡಿದು ನಿಂತ ಜಡ್ಜ್ ಸಾಹೇಬರು

ಕರಿಕೋಟಿನವರೆಂದರೆ, ಅದರಲ್ಲೂ ನ್ಯಾಯಪೀಠದಲ್ಲಿ ಕುಳಿತೆದ್ದವರೆಂದರೆ, ನಮ್ಮ ಜನ ಚುನಾವಣೆಯಲ್ಲಿ ಒಂದು ತೂಕ ಹೆಚ್ಚು ಗೌರವ ಕೊಡುತ್ತಾರೆ. ಕಾಯಿದೆ ಬಲ್ಲವರು ಶಾಸನ ಸಭೆಗೆ ಹೋದರೆ ಬಡವನಿಗೆ ನ್ಯಾಯ ಸಿಕ್ಕೀತೆಂಬ ಆಸೆ. ಹಾಗೆ ನಂಬಿದವರು ಅಮೆರಿಕದ ಹೋವರ್ಡ್ ಸ್ಮಿತ್ ಎಂಬವರ ಚರಿತ್ರೆಯನ್ನು ತಿಳಿಯಬೇಕು.

ಸ್ಮಿತ್ ವರ್ಜೀನಿಯಾ ರಾಜ್ಯದವರು. ಅಲೆಕ್ಸಾಂಡ್ರಿಯಾದಲ್ಲಿ ವಕೀಲಿ ಮಾಡಿ, 1922ರಿಂದ 1930ರವರೆಗೆ ನ್ಯಾಯಾಧೀಶರಾಗಿದ್ದು, 1931ರಲ್ಲಿ ಪ್ರತಿನಿಧಿ ಸಭೆಯನ್ನು ಹೊಕ್ಕರು. 1967ರವರೆಗೆ ಕದಲಲಿಲ್ಲ. 'ಜಡ್ಜ್' ಎಂಬ ಹೆಸರೂ ಅವರನ್ನು ಬಿಡಲಿಲ್ಲ.

ಆ ಕಾಯಿದೆಯ ಜ್ಞಾನ ಯಾರ ಸೇವೆಗೆ ಬಂತು? 1938ರಲ್ಲಿ ಗಂಟೆಗೆ ಕನಿಷ್ಠ 25 ಸೆಂಟ್ ಕೂಲಿ, ವಾರಕ್ಕೆ 44 ಗಂಟೆ ದುಡಿಮೆ ಎಂಬ ಮಸೂದೆ ಬಂದಾಗ ಸ್ಮಿತ್ ವಿರೋಧಿಸಿದರು. 1940ರಲ್ಲಿ ಅವರ ಹೆಸರಿನದೇ ಒಂದು ಕಾಯಿದೆ ಬಂತು. ಸರ್ಕಾರವನ್ನು ಬಲಾತ್ಕಾರದಿಂದ ಉರುಳಿಸಬೇಕೆಂದು ಬೋಧಿಸುವುದೇ ಅಪರಾಧ! ಅದರ ಮೊದಲ ಪೆಟ್ಟು 1941ರಲ್ಲಿ ಬಿದ್ದದ್ದು ಮಿನಿಯಾಪೊಲಿಸ್‌ನ ಲಾರಿ ಕಾರ್ಮಿಕರ ಸಂಘದ ಮುಂದಾಳುಗಳು ಮತ್ತು ಸಮಾಜವಾದಿಗಳ ಮೇಲೆ. ಹದಿನೆಂಟು ಜನರಿಗೆ ಶಿಕ್ಷೆಯಾಯಿತು. 1943ರಲ್ಲಿ ಕಲ್ಲಿದ್ದಲ ಗಣಿಯವರು ಮುಷ್ಕರ ಹೂಡಿದಾಗ, ಯುದ್ಧಕಾಲದ ಮುಷ್ಕರಗಳನ್ನು ಅದುಮುವ ಮತ್ತೊಂದು ಕಾಯಿದೆ. ಅಧ್ಯಕ್ಷ ರೂಸ್‌ವೆಲ್ಟ್ ಒಪ್ಪದೆ ಹಿಂದಿರುಗಿಸಿದರೂ ಸಭೆ ಅದನ್ನು ಅಂದೇ ಮತ್ತೆ ಪಾಸು ಮಾಡಿತು.

ಆದರೆ ಅವರ ನಿಜವಾದ ಬಲ ಭಾಷಣದಲ್ಲಿರಲಿಲ್ಲ, ಬೀಗದ ಕೈಯಲ್ಲಿತ್ತು. 1955ರಿಂದ ಅವರು ನಿಯಮ ಸಮಿತಿಯ ಅಧ್ಯಕ್ಷರು. ಯಾವ ಮುಖ್ಯ ಮಸೂದೆಯಾದರೂ ಚರ್ಚೆಗೆ ಬರಬೇಕಾದರೆ ಸಾಮಾನ್ಯವಾಗಿ ಈ ಸಮಿತಿಯ ಅಪ್ಪಣೆ ಬೇಕು. ಅಂದು ಅಧ್ಯಕ್ಷರು ಸಮಿತಿಯನ್ನೇ ಕರೆಯದಿದ್ದರೆ ಮಸೂದೆ ಅಲ್ಲೇ ಕೊಳೆಯುತ್ತಿತ್ತು. ಗಿರಣಿಯ ಗೇಟಿನಲ್ಲಿ ಹಾಜರಿ ಪುಸ್ತಕವನ್ನೇ ತೆರೆಯದೆ ಕುಳಿತವನ ದರ್ಪ ನಮ್ಮ ಓದುಗರಿಗೆ ಹೊಸದಲ್ಲ. 1957ರಲ್ಲಿ ಕಪ್ಪು ಜನರ ಪೌರ ಹಕ್ಕಿನ ಮಸೂದೆ ಕಾದಿದ್ದಾಗ, ಜಡ್ಜ್ ಸಾಹೇಬರು ತಮ್ಮ ಕೊಟ್ಟಿಗೆಗೆ ಬೆಂಕಿ ಬಿದ್ದಿದೆಯೆಂದು ಊರಿಗೆ ಹೊರಟೇಬಿಟ್ಟರು! 1961ರಲ್ಲಿ ಸಮಿತಿಗೆ ಮೂವರು ಹೊಸ ಸದಸ್ಯರನ್ನು ಸೇರಿಸಿ ಅವರ ಹಿಡಿತ ಸಡಿಲಿಸಬೇಕಾಯಿತು. ಅದೂ ಗೆದ್ದದ್ದು 217ಕ್ಕೆ 212 ವೋಟಿನಿಂದ.

ಒಂದು ವಿಚಿತ್ರವನ್ನೂ ಹೇಳಬೇಕು. 1964ರ ಪೌರ ಹಕ್ಕು ಮಸೂದೆಯ ಉದ್ಯೋಗದ ಭಾಗಕ್ಕೆ 'ಲಿಂಗ' ಎಂಬ ಪದ ಸೇರಿಸಿದವರು ಇವರೇ. ಮಸೂದೆ ಕೆಡಿಸಲೋ, ಮನಸಾರೆಯೋ, ವಾದ ಇನ್ನೂ ಮುಗಿದಿಲ್ಲ. ಮಸೂದೆಗೆ ಮಾತ್ರ ಅವರು ವಿರುದ್ಧವಾಗಿಯೇ ವೋಟು ಕೊಟ್ಟರು. ಪದ ಉಳಿಯಿತು, ಅಮೆರಿಕದ ದುಡಿಯುವ ಹೆಂಗಸರು ಅದನ್ನೇ ಹಿಡಿದು ಕೋರ್ಟಿಗೆ ಹೋದರು.

ವರ್ಜೀನಿಯಾದಲ್ಲಿ ತಲೆಗಂದಾಯ ಕಟ್ಟದವನಿಗೆ ವೋಟಿರಲಿಲ್ಲ. ಬಡವರನ್ನೂ ಕಪ್ಪು ಜನರನ್ನೂ ಹೊರಗಿಟ್ಟ ಆ ಏರ್ಪಾಡಿನ ಮೇಲೆಯೇ ಇಂಥವರ ಆಸನ ಭದ್ರವಾಗಿತ್ತು. 1964ರಲ್ಲಿ ಸಂವಿಧಾನದ ತಿದ್ದುಪಡಿಯಿಂದ ಆ ಕಂದಾಯ ಕೇಂದ್ರ ಚುನಾವಣೆಗಳ ಮಟ್ಟಿಗೆ ಹೋಯಿತು. ಕ್ಷೇತ್ರದ ಗಡಿಯೂ ಬದಲಾಯಿತು. 1966ರಲ್ಲಿ ಪಕ್ಷದೊಳಗಿನ ಚುನಾವಣೆಯಲ್ಲೇ ಜಡ್ಜ್ ಸಾಹೇಬರು ಸೋತರು. ಅಂತರ 645 ವೋಟು.